ವರ್ಡ್‌ಪ್ರೆಸ್ ಜಗಳದ ನಂತರ: ಸಣ್ಣ ವ್ಯಾಪಾರಕ್ಕೆ ಯಾವ ವೆಬ್‌ಸೈಟ್ ವ್ಯವಸ್ಥೆ ಸುಲಭ?

ಜಗತ್ತಿನ ಪ್ರತಿ ಹತ್ತು ವೆಬ್‌ಸೈಟ್‌ಗಳಲ್ಲಿ ಸುಮಾರು ನಾಲ್ಕು ವರ್ಡ್‌ಪ್ರೆಸ್ ಎಂಬ ಒಂದೇ ತಂತ್ರಾಂಶದ ಮೇಲೆ ನಡೆಯುತ್ತವೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಮ್ಯಾಟ್ ಮುಲನ್‌ವೆಗ್ 2024ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್ ಆಧರಿಸಿಯೇ ವ್ಯವಹಾರ ನಡೆಸುವ ಡಬ್ಲ್ಯುಪಿ ಎಂಜಿನ್ ಎಂಬ ಕಂಪನಿಯ ವಿರುದ್ಧ ಬಹಿರಂಗವಾಗಿ ತಿರುಗಿಬಿದ್ದರು. ವಿಷಯ ಅಮೆರಿಕದ ನ್ಯಾಯಾಲಯವನ್ನೂ ಮುಟ್ಟಿತು. ಅಂದಿನಿಂದ ಈ ಮೊಕದ್ದಮೆಯ ಸುದ್ದಿ ಬಂದಾಗಲೆಲ್ಲ ವೆಬ್‌ಸೈಟ್ ಮಾಡಿಸಬೇಕೆಂದಿರುವ ಸಣ್ಣ ವ್ಯಾಪಾರಿಗೆ ಗೊಂದಲ ಹೆಚ್ಚುತ್ತಿದೆ. ವರ್ಡ್‌ಪ್ರೆಸ್ ಮುಚ್ಚಿಹೋಗುತ್ತದೆಯೇ, ಈಗಿರುವ ಸೈಟ್ ನಿಂತುಹೋಗುತ್ತದೆಯೇ, ವಿಕ್ಸ್‌ನಂಥ ಸಿದ್ಧ ಸೇವೆಗಳಿಗೆ ಹೋಗುವುದೇ ವಾಸಿಯೇ ಎಂಬ ಪ್ರಶ್ನೆಗಳು ತಿಪಟೂರಿನ ಕೊಬ್ಬರಿ ವರ್ತಕರಿಗೂ, ನಂದಿಬೆಟ್ಟದ ತಪ್ಪಲಿನಲ್ಲಿ ಹೋಮ್‌ಸ್ಟೇ ನಡೆಸುವವರಿಗೂ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಗೂ ಸಮಾನವಾಗಿ ಅನ್ವಯಿಸುತ್ತವೆ. ಉತ್ತರ ಬೇಕಾದರೆ ಮೊದಲು ಆ ಜಗಳ ಯಾವುದರ ಬಗ್ಗೆ ಎಂಬುದನ್ನು ತಿಳಿಯಬೇಕು.

ನಡೆದದ್ದೇನು

ವರ್ಡ್‌ಪ್ರೆಸ್ 2003ರಲ್ಲಿ ಹುಟ್ಟಿತು. ಬಿ2 ಎಂಬ ಹಳೆಯ ತಂತ್ರಾಂಶದ ಕೆಲಸ ನಿಂತುಹೋದಾಗ, ಅದರ ಕೋಡನ್ನೇ ಮುಂದುವರಿಸಿ ಮುಲನ್‌ವೆಗ್ ಮತ್ತು ಮೈಕ್ ಲಿಟಲ್ ಇದನ್ನು ರೂಪಿಸಿದರು. ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಇರುವುದರಿಂದ ಇದನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಬದಲಾಯಿಸಬಹುದು, ಇದರ ಮೇಲೆ ಹಣ ಸಂಪಾದಿಸಲೂಬಹುದು. ಆದರೆ ವರ್ಡ್‌ಪ್ರೆಸ್ ಎಂಬ ಹೆಸರಿನ ಟ್ರೇಡ್‌ಮಾರ್ಕ್ ಬೇರೆಯೇ ವಿಷಯ. ಅದು ವರ್ಡ್‌ಪ್ರೆಸ್ ಫೌಂಡೇಶನ್ ಬಳಿ ಇದೆ; ಅದರ ವಾಣಿಜ್ಯ ಬಳಕೆಯ ಹಕ್ಕು ಮುಲನ್‌ವೆಗ್ ಅವರದೇ ಕಂಪನಿಯಾದ ಆಟೊಮ್ಯಾಟಿಕ್‌ಗೆ ಸಿಕ್ಕಿದೆ.

ಡಬ್ಲ್ಯುಪಿ ಎಂಜಿನ್ ವರ್ಡ್‌ಪ್ರೆಸ್ ಸೈಟ್‌ಗಳಿಗೆ ಹೋಸ್ಟಿಂಗ್, ಅಂದರೆ ಸೈಟ್ ಇಡಲು ಸರ್ವರ್‌ನಲ್ಲಿ ಜಾಗ, ಒದಗಿಸುವ ದೊಡ್ಡ ಕಂಪನಿ. ವರ್ಡ್‌ಪ್ರೆಸ್‌ನಿಂದ ಅಪಾರ ಲಾಭ ಪಡೆಯುವ ಈ ಕಂಪನಿ ಅದರ ಬೆಳವಣಿಗೆಗೆ ಕೊಡುವುದು ತೀರಾ ಕಡಿಮೆ, ಜತೆಗೆ ಹೆಸರಿನ ವಿಷಯದಲ್ಲಿ ಗ್ರಾಹಕರನ್ನು ಗೊಂದಲಕ್ಕೆ ದೂಡುತ್ತಿದೆ ಎಂಬುದು ಮುಲನ್‌ವೆಗ್ ಅವರ ದೂರು. ಟ್ರೇಡ್‌ಮಾರ್ಕ್ ಬಳಕೆಗಾಗಿ ಆದಾಯದ ಶೇ 8ರಷ್ಟನ್ನು ಹಣವಾಗಿಯೋ ಕೆಲಸದ ರೂಪದಲ್ಲಿಯೋ ಕೊಡಬೇಕೆಂದು ಕೇಳಲಾಯಿತು. ಇದು ಸುಲಿಗೆ ಎಂದ ಡಬ್ಲ್ಯುಪಿ ಎಂಜಿನ್, ಮುಕ್ತ ಪರವಾನಗಿಯ ತಂತ್ರಾಂಶವನ್ನು ಬಳಸಲು ಯಾರಿಗೂ ಕಪ್ಪ ಸಲ್ಲಿಸಬೇಕಿಲ್ಲ ಎಂದು ವಾದಿಸಿ 2024ರ ಅಕ್ಟೋಬರ್ 2ರಂದು ಮೊಕದ್ದಮೆ ಹೂಡಿತು.

ಸಾಮಾನ್ಯ ಬಳಕೆದಾರರಿಗೆ ಬಿಸಿ ತಟ್ಟಿದ್ದು ಇದರ ನಡುವೆ. ವರ್ಡ್‌ಪ್ರೆಸ್ ಸೈಟ್‌ಗಳು ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ಕಿರು ತಂತ್ರಾಂಶ) ಮತ್ತು ಥೀಮ್‌ಗಳನ್ನು (ಸಿದ್ಧ ವಿನ್ಯಾಸ) ಪಡೆಯುವುದು, ಅವುಗಳ ಹೊಸ ಆವೃತ್ತಿ ಬಂದಾಗ ಅಪ್‌ಡೇಟ್ ಮಾಡಿಕೊಳ್ಳುವುದು ವರ್ಡ್‌ಪ್ರೆಸ್ ಡಾಟ್ ಆರ್ಗ್ ಎಂಬ ಕೇಂದ್ರ ಭಂಡಾರದಿಂದ. ಸೆಪ್ಟೆಂಬರ್ ಕೊನೆಯಲ್ಲಿ ಡಬ್ಲ್ಯುಪಿ ಎಂಜಿನ್‌ಗೆ ಆ ಬಾಗಿಲು ಮುಚ್ಚಲಾಯಿತು. ಹಾಗಾಗಿ ಆ ಕಂಪನಿಯ ಹೋಸ್ಟಿಂಗ್‌ನಲ್ಲಿದ್ದ ಸೈಟ್‌ಗಳ ಮಾಲೀಕರಿಗೆ ಜಗಳದ ಗಂಧಗಾಳಿ ಇಲ್ಲದಿದ್ದರೂ ಅಪ್‌ಡೇಟ್ ಬಟನ್ ಒತ್ತಿದರೆ ಅಪ್‌ಡೇಟ್ ಆಗುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಡಬ್ಲ್ಯುಪಿ ಎಂಜಿನ್‌ಗೆ ಸೇರಿದ, ಲಕ್ಷಾಂತರ ಸೈಟ್‌ಗಳು ಬಳಸುವ ಎಸಿಎಫ್ ಎಂಬ ಪ್ಲಗಿನ್‌ನ ಸ್ಥಾನವನ್ನೇ ಭಂಡಾರದಲ್ಲಿ ಬೇರೆ ಹೆಸರಿನ ಆವೃತ್ತಿಗೆ ಕೊಡಲಾಯಿತು. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಮಧ್ಯಂತರ ಆದೇಶ ನೀಡಿದ ಮೇಲೆ ಬಾಗಿಲು ಮತ್ತೆ ತೆರೆಯಿತು.

ಈ ಪ್ರಕರಣದಲ್ಲಿ ಎರಡೂ ಕಡೆಯ ವಾದಕ್ಕೆ ಆಧಾರವಿದೆ. ಮುಕ್ತ ತಂತ್ರಾಂಶವನ್ನು ಕಟ್ಟುವವರು ಕೆಲವರು, ಅದರಿಂದ ದುಡಿಯುವವರು ಬೇರೆಯವರು ಎಂಬ ಅಸಮಾಧಾನ ಹಳೆಯದು ಮತ್ತು ನ್ಯಾಯವಾದದ್ದು. ಆದರೂ ಕೋಟ್ಯಂತರ ಸೈಟ್‌ಗಳು ನೆಚ್ಚಿಕೊಂಡಿರುವ ಭಂಡಾರದ ಬಾಗಿಲನ್ನು ಒಬ್ಬ ವ್ಯಕ್ತಿಯ ತೀರ್ಮಾನದಿಂದ ಮುಚ್ಚಲು ಸಾಧ್ಯವಾದದ್ದು ಅದಕ್ಕಿಂತ ಗಂಭೀರವಾದ ವಿಷಯ. ಆ ಬಾಗಿಲಿನ ಆಚೆ ನಿಂತವರಲ್ಲಿ ಬಹುಪಾಲು ಜನ ಈ ವ್ಯಾಜ್ಯಕ್ಕೆ ಸಂಬಂಧವೇ ಇಲ್ಲದ ವ್ಯಾಪಾರಿಗಳಾಗಿದ್ದರು.

ತುಮಕೂರಿನ ಸೈಟಿಗೆ ತಗಲುವುದೆಷ್ಟು

ನೇರ ಪರಿಣಾಮ ಬಹಳ ಕಡಿಮೆ. ನಮ್ಮ ಜಿಲ್ಲೆಗಳ ಸಣ್ಣ ವ್ಯಾಪಾರಗಳ ವರ್ಡ್‌ಪ್ರೆಸ್ ಸೈಟ್‌ಗಳು ಸಾಮಾನ್ಯವಾಗಿ ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇರುತ್ತವೆ. ಡಬ್ಲ್ಯುಪಿ ಎಂಜಿನ್‌ನಂಥ ದುಬಾರಿ ಸೇವೆಯನ್ನು ಬಳಸುವವರು ವಿರಳ. ಅಲ್ಲದೆ ಕೇಂದ್ರ ಭಂಡಾರ ನಾಳೆಯೇ ಸ್ಥಗಿತಗೊಂಡರೂ ಸೈಟ್ ಮಾಯವಾಗುವುದಿಲ್ಲ. ತಂತ್ರಾಂಶದ ಪ್ರತಿ, ಪುಟಗಳು, ಚಿತ್ರಗಳು, ಡೇಟಾಬೇಸ್ ಎಲ್ಲವೂ ಇರುವುದು ವ್ಯಾಪಾರಿಯ ಹೋಸ್ಟಿಂಗ್ ಖಾತೆಯಲ್ಲಿ. ನಿಲ್ಲುವುದು ಅಪ್‌ಡೇಟ್ ಮಾತ್ರ. ಅಪ್‌ಡೇಟ್ ನಿಂತರೆ ಭದ್ರತೆಯ ಲೋಪಗಳು ಮುಚ್ಚುವುದಿಲ್ಲ, ಲೋಪಗಳು ಮುಚ್ಚದಿದ್ದರೆ ಕೆಲ ತಿಂಗಳುಗಳಲ್ಲಿ ಸೈಟ್ ಹ್ಯಾಕ್ ಆಗುವ ಸಂಭವ ಹೆಚ್ಚುತ್ತದೆ. ಅಂದರೆ ಅಪಾಯ ಇದೆ, ಆದರೆ ಅದು ರಾತ್ರೋರಾತ್ರಿ ಬರುವುದಲ್ಲ.

ನಿಜ ಹೇಳಬೇಕೆಂದರೆ, ಯಾವ ಜಗಳವೂ ಇಲ್ಲದೆಯೇ ಅನೇಕ ಸಣ್ಣ ಸೈಟ್‌ಗಳಲ್ಲಿ ಅಪ್‌ಡೇಟ್ ನಿಂತುಹೋಗಿರುತ್ತದೆ. ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಕೊಂಡಿರುತ್ತಾನೆ, ಪಾಸ್‌ವರ್ಡ್ ಅವನ ಬಳಿಯೇ ಇರುತ್ತದೆ, ಹತ್ತು ಹನ್ನೆರಡು ಪ್ಲಗಿನ್‌ಗಳು ವರ್ಷಗಟ್ಟಲೆ ಹಳೆಯ ಆವೃತ್ತಿಯಲ್ಲಿ ಉಳಿದಿರುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಪತ್ತೆಯಾಗುವ ಭದ್ರತಾ ಲೋಪಗಳಲ್ಲಿ ಹೆಚ್ಚಿನವು ಮೂಲ ತಂತ್ರಾಂಶದಲ್ಲಿರದೆ ಪ್ಲಗಿನ್‌ಗಳಲ್ಲಿರುತ್ತವೆ. ಆದ್ದರಿಂದ ಕ್ಯಾಲಿಫೋರ್ನಿಯಾದ ತೀರ್ಪಿಗಿಂತ ಈ ಉಸ್ತುವಾರಿಯ ಕೊರತೆಯೇ ಇಲ್ಲಿನ ಸೈಟ್‌ಗಳಿಗೆ ದೊಡ್ಡ ಅಪಾಯ.

ಸದ್ದಿಲ್ಲದೆ ನಡೆದ ಇನ್ನೊಂದು ಘಟನೆ

ವರ್ಡ್‌ಪ್ರೆಸ್ ವ್ಯಾಜ್ಯಕ್ಕೆ ಆರು ತಿಂಗಳ ಮೊದಲು ನಡೆದ ಒಂದು ಬದಲಾವಣೆ ಸಣ್ಣ ವ್ಯಾಪಾರಿಗಳಿಗೆ ಇನ್ನೂ ಹತ್ತಿರದ್ದು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು ನೋಂದಾಯಿಸಿದವರಿಗೆ ಗೂಗಲ್ ಒಂದು ಉಚಿತ ವೆಬ್‌ಸೈಟನ್ನೂ ಕೊಡುತ್ತಿತ್ತು. ವಿಳಾಸ, ಫೋನ್ ನಂಬರ್, ಚಿತ್ರಗಳು ತಾವಾಗಿಯೇ ಬಂದು ಕೂರುತ್ತಿದ್ದ ಆ ಪುಟಕ್ಕಿಂತ ಸುಲಭವಾದ ವ್ಯವಸ್ಥೆ ಇನ್ನೊಂದಿರಲಿಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟ್‌ಗಳನ್ನೆಲ್ಲ ಮುಚ್ಚಿತು. ಜೂನ್ 10ರವರೆಗೆ ಹಳೆಯ ವಿಳಾಸಕ್ಕೆ ಬಂದವರನ್ನು ಮ್ಯಾಪ್‌ನ ಪ್ರೊಫೈಲ್‌ಗೆ ಕಳುಹಿಸಲಾಗುತ್ತಿತ್ತು. ಆಮೇಲೆ ಅದೂ ನಿಂತಿತು.

ಇಲ್ಲಿ ನ್ಯಾಯಾಲಯವೂ ಇರಲಿಲ್ಲ, ವಾದವಿವಾದವೂ ಇರಲಿಲ್ಲ. ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕ, ಅಂಗಡಿಯ ಬೋರ್ಡಿನ ಮೇಲೆ ಆ ವಿಳಾಸವನ್ನು ಅಚ್ಚು ಹಾಕಿಸಿದ್ದವರಿಗೆ ಅವೆಲ್ಲ ವ್ಯರ್ಥವಾದವು. ಆ ವಿಳಾಸ ಗೂಗಲ್‌ಗೆ ಸೇರಿದ ಡೊಮೇನ್‌ನ (ನೋಂದಾಯಿಸಿಕೊಂಡ ವೆಬ್ ಹೆಸರು) ಒಂದು ಭಾಗವಾಗಿದ್ದರಿಂದ ಅದನ್ನು ಬೇರೆಡೆಗೆ ತಿರುಗಿಸಿಕೊಳ್ಳುವ ಹಕ್ಕು ಅವರಿಗಿರಲಿಲ್ಲ. ಅದೇ ಗೂಗಲ್ ಪುಟಕ್ಕೆ ಸ್ವಂತ ಡೊಮೇನ್ ಜೋಡಿಸಿಕೊಂಡಿದ್ದವರು ಹೊಸ ಸೈಟ್ ಮಾಡಿಸಿ, ಡೊಮೇನನ್ನು ಅದಕ್ಕೆ ತಿರುಗಿಸಿ, ಕಾರ್ಡು ಬೋರ್ಡುಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದಾಗಿತ್ತು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು ಈ ಎರಡು ಗುಂಪುಗಳ ನಡುವೆ ಅಷ್ಟು ದೊಡ್ಡ ಅಂತರ ಮಾಡಿತು.

ಸುಲಭ ಎಂದರೆ ಯಾರಿಗೆ, ಯಾವಾಗ

ಈ ಎರಡು ಘಟನೆಗಳನ್ನು ಜೋಡಿಸಿ ನೋಡಿದರೆ ಸುಲಭದ ಪ್ರಶ್ನೆ ಬೇರೆ ರೂಪ ಪಡೆಯುತ್ತದೆ. ಜಾಹೀರಾತುಗಳು ಹೇಳುವ ಸುಲಭ ಮೊದಲ ದಿನದ್ದು: ಟೆಂಪ್ಲೇಟ್ ಆರಿಸಿ, ಹೆಸರು ಹಾಕಿ, ಸೈಟ್ ಸಿದ್ಧ. ವ್ಯಾಪಾರಿಗೆ ಬೇಕಾಗುವ ಸುಲಭ ಎರಡು ಬೇರೆ ಹೊತ್ತಿನದು. ಒಂದು, ಸೈಟ್ ಮಾಡಿದವರು ಜತೆಯಲ್ಲಿಲ್ಲದ ಒಂದು ಸಾಮಾನ್ಯ ದಿನ ಅಂಗಡಿಯಲ್ಲಿರುವವರೇ ಬದಲಾವಣೆ ಮಾಡಬೇಕಾದ ಹೊತ್ತು. ಇನ್ನೊಂದು, ಆ ವ್ಯವಸ್ಥೆಯನ್ನೇ ಬಿಟ್ಟು ಹೊರಡಬೇಕಾದ ಹೊತ್ತು.

ಮೊದಲನೆಯದನ್ನು ತಿಪಟೂರಿನ ಒಂದು ಮಂಡಿಯ ಉದಾಹರಣೆಯಿಂದ ನೋಡಬಹುದು. ಹೊರರಾಜ್ಯದ ಖರೀದಿದಾರರಿಗಾಗಿ ಉಂಡೆ ಕೊಬ್ಬರಿಯ ಕ್ವಿಂಟಲ್ ದರವನ್ನು ಸೈಟಿನಲ್ಲಿ ಹಾಕಬೇಕಾಗಿದೆ, ಗುಮಾಸ್ತರ ಕೈಯಲ್ಲಿರುವುದು ಮೊಬೈಲ್ ಮಾತ್ರ ಎಂದುಕೊಳ್ಳೋಣ. ವರ್ಡ್‌ಪ್ರೆಸ್ ಆದರೆ ಬ್ರೌಸರ್‌ನಲ್ಲಿ ಲಾಗಿನ್ ಪುಟ ತೆರೆದು, ಪುಟಗಳ ಪಟ್ಟಿಯಲ್ಲಿ ದರದ ಪುಟವನ್ನು ಹುಡುಕಿ, ಸರಿಯಾದ ಬ್ಲಾಕ್ (ಪುಟದ ಒಂದು ತುಂಡು) ಮೇಲೆ ಬೆರಳಿಟ್ಟು, ಅಂಕಿ ತಿದ್ದಿ, ಸೇವ್ ಮಾಡಬೇಕು. ಇಷ್ಟಾದರೂ ಹೊರಗಿನವರಿಗೆ ನಿನ್ನೆಯ ದರವೇ ಕಾಣಿಸಬಹುದು. ಏಕೆಂದರೆ ಸೈಟ್ ವೇಗವಾಗಿ ತೆರೆಯಲೆಂದು ಮಾಡಿದವರು ಕ್ಯಾಶ್ ಪ್ಲಗಿನ್ ಹಾಕಿರುತ್ತಾರೆ. ಅದು ಪುಟದ ಹಳೆಯ ಪ್ರತಿಯನ್ನು ಇಟ್ಟುಕೊಂಡು ಅದನ್ನೇ ತೋರಿಸುತ್ತಿರುತ್ತದೆ. ಆ ಕ್ಯಾಶ್ ಅಳಿಸುವ ಬಟನ್ ಎಲ್ಲಿದೆ ಎಂಬುದನ್ನು ಯಾರೂ ಹೇಳಿಕೊಟ್ಟಿರದಿದ್ದರೆ, ತಿದ್ದಿದ್ದು ತಪ್ಪಾಯಿತೆಂದು ಭಾವಿಸಿ ಗುಮಾಸ್ತರು ಎರಡನೆಯ ಸಲ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಕ್ರಮೇಣ ದರದ ಪುಟ ಹಳೆಯದಾಗುತ್ತದೆ, ಹಳೆಯ ದರ ನೋಡಿ ಫೋನ್ ಮಾಡಿದವರು ಸೈಟನ್ನು ನಂಬುವುದು ಬಿಡುತ್ತಾರೆ.

ವಿಕ್ಸ್, ಸ್ಕ್ವೇರ್‌ಸ್ಪೇಸ್‌ನಂಥ ಸೇವೆಗಳಲ್ಲಿ ಹೋಸ್ಟಿಂಗ್, ಭದ್ರತೆ, ಅಪ್‌ಡೇಟ್ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಪ್ಲಗಿನ್ ಹಳೆಯದಾಯಿತೆಂಬ ಚಿಂತೆ ಇಲ್ಲ. ಮೊಬೈಲ್ ಆಪ್ ಇರುವುದರಿಂದ ದಿನನಿತ್ಯದ ತಿದ್ದುಪಡಿ ಕಡಿಮೆ ತೊಡಕಿನದು. ಈ ಅನುಕೂಲ ನಿಜವಾದದ್ದು, ಅದನ್ನು ಕಡೆಗಣಿಸಿ ಎಲ್ಲರಿಗೂ ವರ್ಡ್‌ಪ್ರೆಸ್ಸನ್ನೇ ಶಿಫಾರಸು ಮಾಡುವುದು ಸರಿಯಲ್ಲ. ಆದರೆ ಇದಕ್ಕೆ ಚಂದಾ ತಪ್ಪದೆ ಕಟ್ಟುತ್ತಲೇ ಇರಬೇಕು, ಮತ್ತು ಅಲ್ಲೊಂದು ಸ್ಥಳೀಯ ತೊಡಕಿದೆ. ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್‌ನಿಂದ ಬಿಗಿಯಾದ ನಂತರ, ಮೊದಲೇ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತಕ್ಕೆ ಕೊಡುವ ಒಪ್ಪಿಗೆ) ಆಗಿರದಿದ್ದರೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಿಲ್ಲ. ಹಾಗಾಗಿ ವಿದೇಶಿ ಕಂಪನಿಯ ಚಂದಾ ನವೀಕರಣ ವಿಫಲವಾಗುವುದುಂಟು. ಎಚ್ಚರಿಕೆಯ ಸಂದೇಶ ಬರುವುದು ಯಾರೂ ತೆರೆಯದ ಒಂದು ಇಮೇಲ್‌ಗೆ. ಸೈಟ್ ನಿಂತದ್ದು ಗ್ರಾಹಕರು ಹೇಳಿದ ಮೇಲೆಯೇ ಮಾಲೀಕರಿಗೆ ತಿಳಿಯುತ್ತದೆ.

ಬಿಟ್ಟು ಹೊರಡುವ ದಾರಿ

ಎರಡನೆಯ ಸುಲಭವನ್ನು ಖರೀದಿಯ ಹೊತ್ತಿನಲ್ಲಿ ಯಾರೂ ವಿಚಾರಿಸುವುದಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಇಡಿಯಾಗಿ ಹೊರತೆಗೆದು ಬೇರೆ ಹೋಸ್ಟಿಂಗ್‌ನಲ್ಲಿ ಇಡಲು ಸಾಧ್ಯವಿಲ್ಲ. ಅದು ಅವರ ಸರ್ವರ್‌ನಲ್ಲಿಯೇ ನಡೆಯಬೇಕು. ಹೊರಡಬೇಕಾದರೆ ಪುಟಗಳನ್ನು ಹೊಸದಾಗಿ ಕಟ್ಟಬೇಕು. ಸ್ಕ್ವೇರ್‌ಸ್ಪೇಸ್ ಬರಹಗಳನ್ನು ವರ್ಡ್‌ಪ್ರೆಸ್ ಓದಬಲ್ಲ ಕಡತವಾಗಿ ಕೊಡುತ್ತದೆ, ಆದರೆ ಎಲ್ಲ ಬಗೆಯ ಪುಟಗಳೂ ಅದರಲ್ಲಿ ಬರುವುದಿಲ್ಲ. ಆನ್‌ಲೈನ್ ಅಂಗಡಿಗಳ ಸೇವೆಯಾದ ಶಾಪಿಫೈ ಸರಕುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತದಲ್ಲಿ ಕೊಡುತ್ತದೆ, ಅಂಗಡಿಯ ವಿನ್ಯಾಸವನ್ನಲ್ಲ.

ವರ್ಡ್‌ಪ್ರೆಸ್‌ನಲ್ಲಿ ಕಡತಗಳನ್ನೂ ಡೇಟಾಬೇಸನ್ನೂ ನಕಲು ಮಾಡಿಕೊಂಡು ಬೇರೆ ಯಾವುದೇ ಹೋಸ್ಟಿಂಗ್‌ಗೆ ಹೋಗಬಹುದು. ಇದು ಅದರ ಅತಿದೊಡ್ಡ ಬಲ, ಜಗಳದ ನಂತರವೂ ಅದು ಕುಂದಿಲ್ಲ. ಹಾಗೆಂದು ಅಲ್ಲಿ ಬಂಧನವೇ ಇಲ್ಲವೆಂದಲ್ಲ. ಪುಟ ಕಟ್ಟಲು ಬಳಸುವ ಕೆಲವು ಪೇಜ್ ಬಿಲ್ಡರ್ ಪ್ಲಗಿನ್‌ಗಳನ್ನು ತೆಗೆದುಹಾಕಿದರೆ, ಅಂದವಾದ ಪುಟದ ಜಾಗದಲ್ಲಿ ಚೌಕ ಕಂಸಗಳೊಳಗಿನ ಸಂಕೇತಗಳ ಸಾಲು ಉಳಿಯುತ್ತದೆ. ಬರಹ ಅವುಗಳ ನಡುವೆ ಸಿಕ್ಕಿಕೊಂಡಿರುತ್ತದೆ. 2018ರ ಡಿಸೆಂಬರ್‌ನಿಂದ ವರ್ಡ್‌ಪ್ರೆಸ್‌ನ ಜತೆಗೇ ಬರುತ್ತಿರುವ ಬ್ಲಾಕ್ ಎಡಿಟರ್‌ನಲ್ಲಿಯೇ ಪುಟಗಳನ್ನು ಕಟ್ಟಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹತ್ತು ಪುಟದ ಅಂಗಡಿ ಸೈಟಿಗೆ ಅಷ್ಟು ಸಾಕು.

ವರ್ಡ್‌ಪ್ರೆಸ್‌ನಂಥವೇ ಆದ ಜೂಮ್ಲಾ ಮತ್ತು ಡ್ರೂಪಲ್ ತಂತ್ರಾಂಶಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಎರಡೂ ಸಮರ್ಥ ವ್ಯವಸ್ಥೆಗಳೇ, ಆದರೆ ಅವುಗಳಿಗೆ ಪರಿಣತರ ಉಸ್ತುವಾರಿ ಬೇಕು. ಡ್ರೂಪಲ್ 7ಕ್ಕೆ 2025ರ ಜನವರಿ 5ರಂದು ಅಧಿಕೃತ ಬೆಂಬಲ ನಿಂತಿರುವುದರಿಂದ, ಅದರಲ್ಲಿ ಹಳೆಯ ಸೈಟ್ ಇರುವ ಸಂಸ್ಥೆಗಳು ಸ್ಥಳಾಂತರವನ್ನು ಮುಂದೂಡಬಾರದು.

ಕನ್ನಡದ ಪುಟಗಳ ಪ್ರಶ್ನೆ

ಇಂಗ್ಲಿಷ್‌ನಲ್ಲಿ ಬರೆದ ಹೋಲಿಕೆಗಳಲ್ಲಿ ಈ ಭಾಗದ ವಿವರಣೆ ಸಿಗುವುದು ಅಪರೂಪ. ಮೇಲೆ ಹೇಳಿದ ಎಲ್ಲ ವ್ಯವಸ್ಥೆಗಳೂ ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಕನ್ನಡವನ್ನು ಸ್ವೀಕರಿಸುತ್ತವೆ. ತೊಡಕು ಬರುವುದು ಮೂಲ ಬರಹದಿಂದ. ವ್ಯಾಪಾರಿಯ ಬಳಿ ಇರುವ ಕನ್ನಡ ಬರಹವೆಂದರೆ ಸಾಮಾನ್ಯವಾಗಿ ಕರಪತ್ರಕ್ಕೆಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು. ಅದು ನುಡಿ ಅಥವಾ ಶ್ರೀಲಿಪಿಯ ಹಳೆಯ ಎನ್‌ಕೋಡಿಂಗ್‌ನಲ್ಲಿದ್ದರೆ ಸೈಟಿನಲ್ಲಿ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಆಗ ಸೈಟ್ ಮಾಡುವವರು ಕಂಡುಕೊಳ್ಳುವ ಅಡ್ಡದಾರಿ ಕರಪತ್ರವನ್ನೇ ಚಿತ್ರವಾಗಿ ಹಾಕಿಬಿಡುವುದು. ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಪುಟದಲ್ಲಿ ಕನ್ನಡದ ಪಠ್ಯವೇ ಇರುವುದಿಲ್ಲ. ಗೂಗಲ್‌ನಲ್ಲಿ ಶಿವಾರಪಟ್ಟಣದ ವಿಗ್ರಹಗಳನ್ನು ಕನ್ನಡದಲ್ಲಿ ಹುಡುಕಿದವರಿಗೆ ಆ ಪುಟ ಸಿಗುವ ಸಂಭವ ಬಹಳ ಕಡಿಮೆಯಾಗುತ್ತದೆ. ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಕೂಡ ಅದನ್ನು ಸರಿಯಾಗಿ ಓದಲಾರದು. ಬರಹವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ ಮತ್ತು ಅರ್ಕಾವೊತ್ತನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಂಡರೆ ಆಯಿತು.

ಇನ್ನೊಂದು ಸಣ್ಣ ಸಂಗತಿಯೂ ಇದೆ. ಪುಟದ ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸವನ್ನೂ ಮಾಡುತ್ತದೆ. ಆ ವಿಳಾಸವನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ಕಳುಹಿಸಿದಾಗ ಕನ್ನಡದ ಪ್ರತಿಯೊಂದು ಅಕ್ಷರ, ಪ್ರತಿಯೊಂದು ಗುಣಿತಚಿಹ್ನೆ ಶೇಕಡಾ ಚಿಹ್ನೆಗಳಿರುವ ಒಂಬತ್ತು ಅಕ್ಷರಗಳ ಸಂಕೇತವಾಗಿ, ಲಿಂಕ್ ಐದಾರು ಸಾಲು ಉದ್ದವಾಗುತ್ತದೆ. ಅದನ್ನು ಕಂಡು ಮೋಸದ ಲಿಂಕ್ ಎಂದು ಹೆದರುವವರಿದ್ದಾರೆ. ವಿಳಾಸದ ಭಾಗವನ್ನು ಮಾತ್ರ ಚಿಕ್ಕ ಇಂಗ್ಲಿಷ್ ಪದಗಳಲ್ಲಿ ಬರೆಯುವುದರಿಂದ ಪುಟದ ಕನ್ನಡಕ್ಕೆ ಯಾವ ಧಕ್ಕೆಯೂ ಆಗುವುದಿಲ್ಲ.

ಯಾರಿಗೆ ಯಾವುದು

ಎಲ್ಲ ವ್ಯಾಪಾರಕ್ಕೂ ವೆಬ್‌ಸೈಟ್ ಬೇಕಾಗಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೆ ಗೂಗಲ್ ಮ್ಯಾಪ್‌ನ ಪ್ರೊಫೈಲ್‌ನಲ್ಲಿ ಸರಿಯಾದ ಸಮಯ, ಫೋನ್ ನಂಬರ್ ಮತ್ತು ಈಚಿನ ಚಿತ್ರಗಳಿದ್ದರೆ ಸಾಕು. ಬಿಸಿನೆಸ್ ಪ್ರೊಫೈಲ್ ಇನ್ನೂ ಉಚಿತವಾಗಿಯೇ ಇದೆ. ಮುಚ್ಚಿದ್ದು ಅದರಿಂದ ಹುಟ್ಟಿದ ಸೈಟ್‌ಗಳನ್ನು ಮಾತ್ರ.

ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಬಿಡಿಭಾಗ ತಯಾರಕರ ಸ್ಥಿತಿ ಬೇರೆ. ಅವರ ಗ್ರಾಹಕರು ಇತರ ಕಂಪನಿಗಳು. ವ್ಯವಹಾರಕ್ಕೆ ಮುಂಚೆ ಸೈಟ್, ಜಿಎಸ್‌ಟಿ ನಂಬರ್, ಯಂತ್ರಗಳ ವಿವರ ನೋಡುತ್ತಾರೆ. ಅಲ್ಲಿ ಪುಟಗಳು ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು. ಇಂಥ ಸೈಟಿಗೆ ಡೇಟಾಬೇಸ್ ಇರುವ ಸಿಎಂಎಸ್ (ವರ್ಡ್‌ಪ್ರೆಸ್‌ನಂಥ ಸೈಟ್ ನಿರ್ವಹಣೆಯ ತಂತ್ರಾಂಶ) ಕೂಡ ಅನಗತ್ಯ ಎಂಬುದು ಈ ಲೇಖಕರ ಅಭಿಪ್ರಾಯ. ನಾಲ್ಕೈದು ಸಾದಾ ಎಚ್‌ಟಿಎಂಎಲ್ ಪುಟಗಳಿದ್ದರೆ ಅಪ್‌ಡೇಟ್ ಮಾಡಬೇಕಾದ ಪ್ಲಗಿನ್ ಇಲ್ಲ, ಹ್ಯಾಕ್ ಮಾಡಲು ಲಾಗಿನ್ ಪುಟವೂ ಇಲ್ಲ.

ಶಿವಾರಪಟ್ಟಣದ ಶಿಲ್ಪಿಗೆ ವಿಗ್ರಹಗಳ ಚಿತ್ರಗಳೇ ಮುಖ್ಯ. ಹೊಸ ಕೆಲಸ ಮುಗಿದಾಗಲೆಲ್ಲ ಚಿತ್ರ, ಅಳತೆ, ಕಲ್ಲಿನ ವಿವರ ಸೇರುತ್ತಾ ಹೋಗಬೇಕು. ವರ್ಷಗಳು ಕಳೆದಂತೆ ಆ ಸಂಗ್ರಹಕ್ಕೆ ಬೆಲೆ ಹೆಚ್ಚುವುದರಿಂದ, ಅದು ಬಿಟ್ಟು ಹೊರಡಲು ಸಾಧ್ಯವಾಗುವ ವ್ಯವಸ್ಥೆಯಲ್ಲಿಯೇ ಇರಬೇಕು. ಇಲ್ಲಿ ವರ್ಡ್‌ಪ್ರೆಸ್ ಸರಿಯಾದ ಆಯ್ಕೆ, ತಿಂಗಳಿಗೊಮ್ಮೆ ಬ್ಯಾಕಪ್ ಮತ್ತು ಅಪ್‌ಡೇಟ್ ನೋಡಿಕೊಳ್ಳುವವರೊಬ್ಬರು ಸಿಕ್ಕರೆ. ಸಿಗದಿದ್ದರೆ ಸಿದ್ಧ ಸೇವೆಯನ್ನು ಹಿಡಿದು, ಮೂಲ ಚಿತ್ರಗಳನ್ನೂ ವಿವರಗಳನ್ನೂ ತಮ್ಮ ಕಂಪ್ಯೂಟರ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಹೆಚ್ಚು ಸುರಕ್ಷಿತ. ಹಳೆಯ ಪ್ಲಗಿನ್‌ಗಳಿರುವ ಅನಾಥ ವರ್ಡ್‌ಪ್ರೆಸ್‌ಗಿಂತ ಚಂದಾ ಕಟ್ಟಿದ ವಿಕ್ಸ್ ಮೇಲು.

ಆನ್‌ಲೈನ್‌ನಲ್ಲಿ ಹಣ ಪಡೆದು ಮಾರುವವರಿಗೆ ಒಂದು ಲೆಕ್ಕ ಬಾಕಿ ಇದೆ. ಶಾಪಿಫೈನ ಸ್ವಂತ ಪಾವತಿ ವ್ಯವಸ್ಥೆ ಭಾರತದಲ್ಲಿ ಇಲ್ಲದಿರುವುದರಿಂದ, ಚಂದಾ ಮತ್ತು ಪೇಮೆಂಟ್ ಗೇಟ್‌ವೇ (ಸೈಟಿನಲ್ಲಿ ಹಣ ಸ್ವೀಕರಿಸಿಕೊಡುವ ಸೇವೆ) ಶುಲ್ಕದ ಜತೆಗೆ ಅದರದೇ ವಹಿವಾಟು ಶುಲ್ಕವೂ ಸೇರಬಹುದು. ದಿನಕ್ಕೆ ಒಂದೆರಡು ಆರ್ಡರ್ ಬರುವ ಹಂತದಲ್ಲಿ ಸೈಟಿನಲ್ಲಿ ಸರಕಿನ ಪಟ್ಟಿ ಇಟ್ಟು, ಆರ್ಡರನ್ನು ವಾಟ್ಸಾಪ್‌ನಲ್ಲಿ ಪಡೆದು, ಹಣವನ್ನು ಯುಪಿಐ ಮೂಲಕ ತೆಗೆದುಕೊಳ್ಳುವುದು ಅಗ್ಗ. ಆರ್ಡರ್‌ಗಳ ಸಂಖ್ಯೆ ಕೈಮೀರಿದಾಗ ಗೇಟ್‌ವೇ ಕಡೆ ನೋಡಬಹುದು. ಆಗ ಸೈಟಿನಲ್ಲಿ ಸಂಪರ್ಕ, ಹಣ ವಾಪಸಾತಿ, ಗೌಪ್ಯತೆಯ ಪುಟಗಳು ಇರಬೇಕೆಂದು ಗೇಟ್‌ವೇ ಕಂಪನಿಗಳು ಕೇಳುತ್ತವೆ.

ಹಣ ಕೊಡುವ ಮುನ್ನ

ಯಾವ ವ್ಯವಸ್ಥೆಯನ್ನು ಆರಿಸಿದರೂ ಡೊಮೇನ್ ಮಾಲೀಕರ ಹೆಸರಿನಲ್ಲಿ, ಅವರದೇ ಇಮೇಲ್ ಮತ್ತು ಮೊಬೈಲ್ ನಂಬರ್‌ನಲ್ಲಿ ನೋಂದಣಿಯಾಗಬೇಕು. ಸೈಟ್ ಮಾಡುವವರು ಎಲ್ಲ ಗ್ರಾಹಕರ ಡೊಮೇನ್‌ಗಳನ್ನೂ ತಮ್ಮ ಒಂದೇ ಖಾತೆಯಲ್ಲಿ ಕೊಂಡಿಡುವುದು ರೂಢಿ. ಅದರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ, ಆದರೆ ಅವರು ಊರು ಬಿಟ್ಟರೆ ಓಟಿಪಿ ಹೋಗುವುದು ಅವರ ಫೋನಿಗೆ. ಡೊಮೇನ್ ನೋಂದಾಯಿಸುವ ಕಂಪನಿಯಾದ ರಿಜಿಸ್ಟ್ರಾರ್‌ನ ಜಾಲತಾಣಕ್ಕೆ ಮಾಲೀಕರೇ ಒಮ್ಮೆ ಲಾಗಿನ್ ಆಗಿ, ಡೊಮೇನ್‌ನ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವನ್ನು ತಮ್ಮ ಕಣ್ಣಿನಿಂದ ನೋಡಿದ ನಂತರವೇ ಕೊನೆಯ ಕಂತು ಕೊಡುವುದು ಒಳ್ಳೆಯದು. ಡಾಟ್ ಕಾಮ್ ಡೊಮೇನ್‌ನ ನವೀಕರಣ ಮರೆತುಹೋದರೆ ಕೊನೆಯ ಅವಕಾಶವಾಗಿ 30 ದಿನಗಳ ಮರುಪಡೆಯುವ ಅವಧಿ ಇರುತ್ತದೆ, ಆಗ ಕೇಳುವ ಶುಲ್ಕ ವಾರ್ಷಿಕ ದರದ ಹಲವು ಪಟ್ಟು.

ಹೋಸ್ಟಿಂಗ್‌ನ ಮೊದಲ ವರ್ಷದ ರಿಯಾಯಿತಿ ದರವನ್ನಷ್ಟೇ ನೋಡದೆ ಎರಡನೆಯ ವರ್ಷದ ನವೀಕರಣ ದರವನ್ನು ಬರೆಸಿಕೊಳ್ಳಬೇಕು. ವರ್ಡ್‌ಪ್ರೆಸ್ ಆದರೆ ಅಡ್ಮಿನ್ ಲಾಗಿನ್ ಮತ್ತು ಹೋಸ್ಟಿಂಗ್ ಲಾಗಿನ್ ಎರಡನ್ನೂ ಕೇಳಿ ಪಡೆಯಬೇಕು. ಮೊದಲನೆಯದರಿಂದ ಪುಟ ತಿದ್ದಬಹುದು, ಸೈಟನ್ನು ಬೇರೆಡೆಗೆ ಒಯ್ಯಲು ಎರಡನೆಯದು ಬೇಕು. ಈಗಾಗಲೇ ನಡೆಯುತ್ತಿರುವ ಸೈಟನ್ನು ಬೇರೆ ವ್ಯವಸ್ಥೆಗೆ ಬದಲಾಯಿಸುವವರು, ಹಳೆಯ ಪುಟಗಳ ವಿಳಾಸಗಳಿಂದ ಹೊಸ ಪುಟಗಳಿಗೆ ಶಾಶ್ವತ ಮರುನಿರ್ದೇಶನ ಹಾಕುವ ಕೆಲಸವನ್ನೂ ಕರಾರಿನಲ್ಲಿ ಸೇರಿಸಬೇಕು. ಅದಿಲ್ಲದಿದ್ದರೆ ಗೂಗಲ್‌ನಲ್ಲಿ ವರ್ಷಗಳಿಂದ ಕಾಣಿಸುತ್ತಿದ್ದ ಹಳೆಯ ಲಿಂಕ್‌ಗಳನ್ನು ಒತ್ತಿದವರಿಗೆ ಪುಟ ಇಲ್ಲ ಎಂಬ ಸಂದೇಶ ಬರುತ್ತದೆ, ಮತ್ತು ಕೆಲ ವಾರಗಳಲ್ಲಿ ಆ ಲಿಂಕ್‌ಗಳೂ ಹುಡುಕಾಟದ ಫಲಿತಾಂಶದಿಂದ ಒಂದೊಂದಾಗಿ ಬಿದ್ದುಹೋಗುತ್ತವೆ.